ಉಂಬಳ ಕಚ್ಚಿ ರಕ್ತ ನಿಲ್ಲದಿದ್ದರೆ ಅಪ್ಪಯ್ಯನ ಮಾತ್ರೆ ಬಿಡಿಸಬೇಡ

ತಮ್ಮಾ, ತೋಟದಲ್ಲಿ ಉಂಬಳ ಕಚ್ಚಿ ನಿಮ್ಮಪ್ಪಯ್ಯನ ಕಾಲಿಂದ ಎರಡು ತಾಸು ರಕ್ತ ಸೋರಿತು, ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದ ಮೇಲೆ, ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುತ್ತಿರುವ ಎಕೋಸ್ಪ್ರಿನ್ (ಆಸ್ಪಿರಿನ್), ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ಮಳೆಗಾಲ ಮುಗಿಯುವ ತನಕ ಬಿಡಿಸಲಾ ಅಂತ ಕೇಳಿದ್ದೀಯ. ದಯವಿಟ್ಟು ಬಿಡಿಸಬೇಡ. ಉಂಬಳದ ಗಾಯದಿಂದ ಹೋಗುವ ರಕ್ತ ಸ್ವಲ್ಪ. ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದರೆ ಹೃದಯಾಘಾತವೇ ಆಗುತ್ತದೆ.

ಗಾಯವಾದಾಗ ರಕ್ತನಾಳ ಮೊದಲು ತಾನೇ ಬಿಗಿದುಕೊಳ್ಳುತ್ತದೆ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಅಲ್ಲಿಗೆ ಬಂದು ಅಂಟಿ, ಒಂದಕ್ಕೊಂದು ಹತ್ತಿಕೊಂಡು ಬಾಯಿ ಮುಚ್ಚುತ್ತವೆ. ಇದು ಒಡೆದ ಬದುವಿಗೆ ಮಣ್ಣು ಮೆತ್ತಿದ ಹಾಗೆ, ಒಳಗೆ ನಾರಿಲ್ಲದಿದ್ದರೆ ನಿಲ್ಲುವುದಿಲ್ಲ. ಆ ನಾರು ಮಾಡುವುದು ಥ್ರಾಂಬಿನ್: ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಅನ್ನು ಫೈಬ್ರಿನ್ ಎಂಬ ಎಳೆಯಾಗಿಸಿ ಬಲೆ ಹೆಣೆಯುತ್ತದೆ. ಇದು ಗಾಯ ಬಿಟ್ಟು ಮುಂದೆ ಹಬ್ಬದಂತೆ ತಡೆಯಲು ಆಂಟಿಥ್ರಾಂಬಿನ್ ಇದೆ, ಕೆಲಸ ಮುಗಿದ ಹೆಪ್ಪನ್ನು ಕರಗಿಸಲು ಪ್ಲಾಸ್ಮಿನ್ ಇದೆ.

ನಮ್ಮ ಕಾಡಿನ ಉಂಬಳದ ಜೊಲ್ಲಿನಲ್ಲಿರುವ ಹೀಮಾಡಿನ್ ಎಂಬ ಪ್ರೋಟೀನ್ ಹಿಡಿದು ಕಟ್ಟಿಹಾಕುವುದು ಇದೇ ಥ್ರಾಂಬಿನ್ ಅನ್ನು. ಹಾಗಾಗಿ ಮಾತ್ರೆ ತಿನ್ನದವರಿಗೂ ಉಂಬಳ ಬಿಟ್ಟ ಮೇಲೆ ರಕ್ತ ಜಿನುಗುತ್ತಲೇ ಇರುತ್ತದೆ. ಅಪ್ಪಯ್ಯನಿಗೆ ಎರಡೂ ಕಡೆ ತಡೆ: ಬಲೆಗೆ ಉಂಬಳ, ಪ್ಲೇಟ್‌ಲೆಟ್‌ಗೆ ಮಾತ್ರೆ. ಎಕೋಸ್ಪ್ರಿನ್ ತಟ್ಟಿದ ಪ್ಲೇಟ್‌ಲೆಟ್ ಸಾಯುವವರೆಗೂ ಹಾಗೇ ಇರುತ್ತದೆ. ಹೊಸವು ಬಂದು ತುಂಬಲು ಸುಮಾರು 7ರಿಂದ 10 ದಿನ ಬೇಕು. ಒಂದು ಹೊತ್ತಿನ ಮಾತ್ರೆ ತಪ್ಪಿಸಿದರೆ ಇವತ್ತಿನ ರಕ್ತ ನಿಲ್ಲುವುದಿಲ್ಲ.

ಕಚ್ಚಿಕೊಂಡಿರುವಾಗ ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಹಾಕಬೇಡ. ಉಂಬಳ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು, ಆಮೇಲೆ ಕೀವಾಗುವ ಭಯ. ಉಗುರನ್ನು ಅದರ ಬಾಯಿಯ ಬುಡಕ್ಕೆ ಜಾರಿಸಿ ಬಿಡಿಸು. ಜೊಲ್ಲು ಹೋಗುವ ಹಾಗೆ ಸೋಪುನೀರಲ್ಲಿ ತೊಳೆ. ಒಗೆದ ಬಟ್ಟೆ ಮಡಚಿ ಇಟ್ಟು, ಕಾಲು ಎತ್ತರಕ್ಕಿಟ್ಟು, ಗಡಿಯಾರ ನೋಡಿಕೊಂಡು 15 ನಿಮಿಷ ಒತ್ತಿ ಹಿಡಿ. ನಡುವೆ ಎತ್ತಿ ನೋಡಬಾರದು! ನಮ್ಮಮ್ಮನ ಕಾಲಿಗೆ ಹೀಗಾದಾಗ ನಾನು ಎರಡೆರಡು ನಿಮಿಷಕ್ಕೆ ಒರೆಸಿ ಒರೆಸಿ ನೋಡಿದೆ. ಆಗಷ್ಟೇ ಕೂತ ಹೆಪ್ಪು ಪ್ರತಿ ಸಲ ಬಟ್ಟೆಗೇ ಬಂತು. ಕಾಫಿಪುಡಿ, ನಶ್ಯ ಏನೂ ಬೇಡ.

ಎರಡು ಸಲ ಹೀಗೆ ಒತ್ತಿದರೂ ರಕ್ತ ಹರಿಯುತ್ತಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗು. ವಸಡಿನಲ್ಲಿ ರಕ್ತ, ಕೆಂಪು ಮೂತ್ರ, ಡಾಂಬರಿನಂಥ ಕಪ್ಪು ಮಲ, ತಾಗಿಸಿಕೊಳ್ಳದೆಯೇ ಮೈಮೇಲೆ ನೀಲಿ ಕಲೆ, ಇವು ಕಂಡರೂ ಕಾಯಬೇಡ. ಕಾಲು ಬಾತು ನೋಯುತ್ತಿದ್ದರೆ ಉಂಬಳ ಅಂದುಕೊಂಡು ಮನೆಯಲ್ಲಿ ಕೂರಿಸಬೇಡ. ಅದು ಹಾವು ಕಚ್ಚಿದ್ದೂ ಇರಬಹುದು: ಕೊಳಕುಮಂಡಲ ಹಾವಿನ ವಿಷವೂ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ, ಅದಕ್ಕೆ ಆಸ್ಪತ್ರೆಯ ಪ್ರತಿವಿಷವೇ ಬೇಕು.

ನಾಳೆಯಿಂದ ಅಪ್ಪಯ್ಯ ತೋಟಕ್ಕೆ ಇಳಿಯುವಾಗ ಒತ್ತು ನೇಯ್ಗೆಯ ಉದ್ದ ಕಾಲುಚೀಲ ಹಾಕಿಸಿ, ಪ್ಯಾಂಟಿನ ತುದಿ ಅದರೊಳಗೆ ಸೇರಿಸು. ಮಾತ್ರೆ ಬದಲಿಸುವ ಮಾತಿದ್ದರೆ ಅವರ ಹೃದಯದ ಡಾಕ್ಟರ ಹತ್ತಿರವೇ ಕೇಳು.