"ತಪ್ಪಾದ್ರೂ ಏನೂ ಅನ್ಸಲ್ಲ": ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

36 ವರ್ಷದ ಮಹಿಳೆ. ಒಂದೇ ಸಂಸ್ಥೆಯಲ್ಲಿ 11 ವರ್ಷದ ಸೇವೆ, ಬಿಲ್ ಪರಿಶೀಲನೆಯ ಕೆಲಸ. ಮ್ಯಾನೇಜರ್ ಬರೆದು ಕಳಿಸಿದ್ದು ಇಷ್ಟೇ: "ಮನೋಭಾವ ಸರಿಯಿಲ್ಲ, ತಪ್ಪು ಹೆಚ್ಚಾಗಿದೆ." ಆಕೆ ಹೇಳಿದ್ದು: "ಮೊದಲೆಲ್ಲ ಒಂದು ತಪ್ಪಾದ್ರೆ ನಿದ್ದೆ ಬರ್ತಿರಲಿಲ್ಲ ಮೇಡಂ. ಈಗ ತಪ್ಪಾದ್ರೂ ಏನೂ ಅನ್ಸಲ್ಲ. ನನಗೆ ಭಯ ಆಗ್ತಿರೋದೇ ಅದು."

ಭಯ ಆಗುತ್ತಿದೆ ಎನ್ನುವವರಿಗೆ ಕೆಲಸದ ಬಗ್ಗೆ ಕಾಳಜಿ ಸತ್ತಿಲ್ಲ. ಇಲ್ಲಿ ಕಾಣುವ ನಿರಾಸಕ್ತಿಯನ್ನು ಸೋಮಾರಿತನ ಎಂದು ಓದುವುದು ತಪ್ಪು. ಅದು ದಣಿದ ಮನಸ್ಸು ಕೆಲಸದಿಂದ ದೂರ ಸರಿದು ತನ್ನನ್ನು ಕಾಪಾಡಿಕೊಳ್ಳುವ ರೀತಿ. ಕೆಲಸದ ಒತ್ತಡ ತೀರದೆ ಬರುವ ಇಂಥ ಬಳಲಿಕೆಗೆ ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ ಪಟ್ಟಿ ಐಸಿಡಿ-11 ಇದನ್ನು ಕಾಯಿಲೆ ಎಂದು ಕರೆಯುವುದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎನ್ನುತ್ತದೆ. ಅದು ಹೇಳುವ ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದ ಬಗ್ಗೆ ದೂರ ಅಥವಾ ಕಹಿ, ಕಾರ್ಯಕ್ಷಮತೆ ಕುಗ್ಗುವುದು. ಮೂರೂ ಈಕೆಯಲ್ಲಿದ್ದವು.

ಮೊದಲ ಭೇಟಿಯಲ್ಲಿ ಸಲಹೆ ಕೊಡಲಿಲ್ಲ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ತುಂಬಿಸಲಾಯಿತು: 27ಕ್ಕೆ 8, ಅಂದರೆ ಸೌಮ್ಯ ಮಟ್ಟ. ಸಾವಿನ ಯೋಚನೆ ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಅಲ್ಲಿ ಒಂದು ಅಂಕ ಬಂದಿದ್ದರೂ ದಾರಿ ಬೇರೆಯೇ ಆಗುತ್ತಿತ್ತು. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗೆ ವೈದ್ಯರ ಬಳಿ ಕಳಿಸಲಾಯಿತು, ಎರಡೂ ಸರಿಯಿದ್ದವು. ಈ ಹೆಜ್ಜೆ ಬಿಟ್ಟರೆ ಥೈರಾಯ್ಡ್ ಸುಸ್ತಿಗೆ ತಿಂಗಳುಗಟ್ಟಲೆ ಮಾತಿನ ಮದ್ದು ಕೊಡುತ್ತ ಕೂರಬೇಕಾದೀತು.

ನಂತರ ಎರಡು ವಾರದ ದಾಖಲೆ. ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ ಮತ್ತು ಹೊರಡುವ ಹೊತ್ತಿಗೆ, ಮೂರೇ ವಿಷಯ: ಏನು ಮಾಡಿದೆ, ಶಕ್ತಿ 0ರಿಂದ 10ರಲ್ಲಿ ಎಷ್ಟು, ಆ ಕೆಲಸ ಹೇಗೆ ಮಾಡಬೇಕೆಂದು ತೀರ್ಮಾನಿಸಿದ್ದು ಯಾರು. ಮೊದಲ ನಾಲ್ಕು ದಿನ ಆಕೆ ಬರೆದದ್ದು ತನ್ನ ಮೇಲಿನ ದೂರು: "ಇವತ್ತೂ ನಿಧಾನ", "ನನ್ನದೇ ತಪ್ಪು". ದಾಖಲೆ ಇಡಿಸುವಾಗ ಇದು ಆಗಾಗ ಆಗುತ್ತದೆ. ವಾಕ್ಯ ಬೇಡ, ಅಂಕಿ ಮತ್ತು ಕೆಲಸದ ಹೆಸರು ಸಾಕು ಎಂದ ಮೇಲೆ ಚಿತ್ರ ತಿಳಿಯಾಯಿತು. ಬಿಲ್ ನೋಡುವ ಹೊತ್ತಿನಲ್ಲಿ ಶಕ್ತಿ 6, 7. ಸಹಿಗಾಗಿ ಕಾಯುವ, ಕೇಳಿದವರಿಗೆಲ್ಲ ವಿವರಣೆ ಕೊಡುವ ಹೊತ್ತಿನಲ್ಲಿ 2. ತಪ್ಪುಗಳು ಬಹುತೇಕ ಸಂಜೆ ನಾಲ್ಕರ ಮೇಲೆ, ನೋಡುತ್ತಿರುವಾಗ ನಡುವೆ ಯಾರಾದರೂ ಎಬ್ಬಿಸಿದ ಬಿಲ್‌ಗಳಲ್ಲಿ. ಎಂಟು ತಿಂಗಳ ಹಿಂದೆ ಹೊಸ ನಿಯಮ ಬಂದಿತ್ತು: ಮೊದಲು ಆಕೆಯೇ ಪಾಸ್ ಮಾಡುತ್ತಿದ್ದ ಸಣ್ಣ ಬಿಲ್‌ಗಳಿಗೂ ಈಗ ಎರಡನೇ ಸಹಿ ಬೇಕು. ಕೆಲಸದ ಹೊರೆ ಅಷ್ಟೇ ಉಳಿದು ಅಧಿಕಾರ ಮಾತ್ರ ಹೋಯಿತು. ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ತೋರಿಸಿದ್ದು ಇದನ್ನೇ: ಬೇಡಿಕೆ ಹೆಚ್ಚು, ತೀರ್ಮಾನದ ಸ್ವಾತಂತ್ರ್ಯ ಕಡಿಮೆ ಎಂಬ ಜೋಡಿ ಮನಸ್ಸನ್ನು ಹೆಚ್ಚು ಹಿಂಡುತ್ತದೆ.

"ಮತ್ತೆ ಅಲ್ಲೇ ಯಾಕಿದ್ದೀರಿ?" ಎಂದಾಗ ಉತ್ತರ: "ಸಾಲ ಇದೆ, ಬಿಡೋಕಾಗಲ್ಲ." ಸಂಶೋಧಕರಾದ ಮೇಯರ್ ಮತ್ತು ಆಲೆನ್ 1991ರಲ್ಲಿ ಸಂಸ್ಥೆಯ ಬಗೆಗಿನ ಬದ್ಧತೆಯನ್ನು ಮೂರಾಗಿ ಬಿಡಿಸಿದರು: ಇಷ್ಟವಿದ್ದು ಉಳಿಯುವುದು, ಉಳಿಯಬೇಕಾದದ್ದು ಧರ್ಮವೆಂದು ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು. ಆಕೆ ಮೊದಲನೆಯದರಿಂದ ಕೊನೆಯದಕ್ಕೆ ಜಾರಿದ್ದರು. ಹಾಜರಿ ಪುಸ್ತಕದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಕೊಟ್ಟ ಸಲಹೆ ಮೂರು, ಆದರೆ ಒಂದೊಂದಕ್ಕೆ ಎರಡು ವಾರ. ಒಟ್ಟಿಗೆ ಶುರು ಮಾಡಿದರೆ ಮೂರೂ ಬಿದ್ದುಹೋಗುತ್ತವೆ. ಮೊದಲನೆಯದು ದಿನದ ಕೊನೆಯ 10 ನಿಮಿಷ: ಉಳಿದ ಕೆಲಸ, ನಾಳೆ ಅದರ ಮೊದಲ ಹೆಜ್ಜೆ, ಎರಡನ್ನೂ ಬರೆದಿಟ್ಟು ಏಳುವುದು, ಆಮೇಲೆ ಫೋನಿನಲ್ಲಿ ಕಚೇರಿಯ ಸಂದೇಶಗಳ ಸದ್ದು ಬಂದ್. ಎರಡನೆಯದು ಕೆಲಸದ ಕ್ರಮ ಬದಲಿಸುವುದು: ತೊಡಕಿನ ಬಿಲ್‌ಗಳು ಬೆಳಿಗ್ಗೆ, ವಿವರಣೆಯ ಕರೆಗಳೆಲ್ಲ ಮೂರೂವರೆಯ ನಂತರ ಒಟ್ಟಿಗೆ.

ಮೂರನೆಯದು ಮ್ಯಾನೇಜರ್ ಜೊತೆ ಮಾತು, ಇದೇ ಕಷ್ಟದ್ದು. ದೂರಿನ ಪಟ್ಟಿ ಒಯ್ಯಬೇಡಿ, ದಾಖಲೆಯ ಒಂದು ಪುಟ ಮತ್ತು ಒಂದೇ ಕೋರಿಕೆ ಒಯ್ಯಿರಿ ಎನ್ನಲಾಯಿತು. ಮೊದಲ ಸಲ ಆಕೆ "ಸರ್, ನನಗೆ ತುಂಬಾ ಒತ್ತಡ ಆಗ್ತಿದೆ" ಎಂದು ಆರಂಭಿಸಿದರು. "ನೋಡೋಣ" ಎಂದು ಮುಗಿಯಿತು. ಒತ್ತಡ ಎಂಬ ಮಾತಿಗೆ ಹೌದು, ಇಲ್ಲ ಎನ್ನಲು ಜಾಗವೇ ಇಲ್ಲ. ಎರಡನೇ ಸಲದ ಮಾತನ್ನು ಕೂತು ಅಭ್ಯಾಸ ಮಾಡಿದರು: "ಸಣ್ಣ ಬಿಲ್‌ಗಳನ್ನು ನಾಲ್ಕು ವಾರ ಮಾತ್ರ ನಾನೇ ಪಾಸ್ ಮಾಡ್ತೀನಿ ಸರ್. ಪ್ರತಿ ಶುಕ್ರವಾರ ತಪ್ಪಿನ ಲೆಕ್ಕ ನಿಮಗೆ ಕೊಡ್ತೀನಿ. ಹೆಚ್ಚಾದ್ರೆ ಮತ್ತೆ ಎರಡನೇ ಸಹಿ ಪದ್ಧತಿಗೇ ಹೋಗೋಣ." ಒಪ್ಪಿಗೆ ಸಿಕ್ಕಿತು.

ಆಕೆಯ ಅನುಮತಿ ಪಡೆದು ಮ್ಯಾನೇಜರ್‌ಗೆ ತಿಳಿಸಿದ್ದು ಒಂದೇ ವಿಷಯ: ಮನೋಭಾವದ ತರಬೇತಿ ಬೇಡ. ಕೆಲಸದ ತೃಪ್ತಿಗೂ ಕಾರ್ಯಕ್ಷಮತೆಗೂ ಇರುವ ಸಹಸಂಬಂಧ 2001ರ ದೊಡ್ಡ ವಿಶ್ಲೇಷಣೆಯಲ್ಲಿ ಸುಮಾರು 0.30 (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). ನಂಟು ನಿಜ, ಆದರೆ ನಗುಮುಖ ತಂದುಕೊಟ್ಟರೆ ತಪ್ಪು ನಿಲ್ಲುತ್ತದೆ ಎನ್ನುವಷ್ಟು ಬಲವಾದದ್ದಲ್ಲ. ಚೆನ್ನಾಗಿ ಕೆಲಸ ಮಾಡಿ ಗುರುತಿಸಿಕೊಂಡದ್ದರಿಂದಲೇ ತೃಪ್ತಿ ಹುಟ್ಟುವುದೂ ಉಂಟು.

ಹತ್ತನೇ ವಾರ ಪಿಎಚ್‌ಕ್ಯೂ-9 ಅಂಕ 4. ಸಂಜೆಯ ತಪ್ಪುಗಳು ಇಳಿದಿವೆ. ಕೆಲಸದ ಮೇಲಿನ ಪ್ರೀತಿ ಮರಳಿಲ್ಲ, ಅದನ್ನು ಆಕೆಯೂ ಮುಚ್ಚಿಡಲಿಲ್ಲ. ಬೇರೆ ಕೆಲಸ ಹುಡುಕುವ ಯೋಚನೆ ಈಗಲೂ ಇದೆ. ಸಾಲದ ಕಂತು ಸೇರಿಸಿ ಆರು ತಿಂಗಳ ಖರ್ಚಿನ ಲೆಕ್ಕ ಹಾಕುತ್ತಿದ್ದಾರೆ. ಕಳೆದ ವಾರ ಒಂದು ಬಿಲ್‌ನಲ್ಲಿ ಅಂಕಿ ಅದಲುಬದಲಾಗಿತ್ತು. "ಬೇಜಾರಾಯ್ತು ಮೇಡಂ," ಎಂದರು, ಸ್ವಲ್ಪ ಸಮಾಧಾನದಿಂದಲೇ.