ಸಂಘ ಎಲ್ಲರದು, ಸಾಲ ಮಾತ್ರ ಇಬ್ಬರದು

ಪ್ರಶ್ನೆ: ನಮ್ಮೂರ ಮಹಿಳಾ ಸಂಘಕ್ಕೆ ಹನ್ನೊಂದು ವರ್ಷ. ಹದಿನಾರು ಜನ ಇದ್ದೆವು, ಈಗ ಹನ್ನೊಂದು. ಬಿಟ್ಟುಹೋದ ಐವರೂ ಗುಳೆ ಹೋಗುವ ಮನೆಯವರು. ವಾರಕ್ಕೆ 50 ರೂಪಾಯಿ ಉಳಿತಾಯ, ಸಭೆ ತಪ್ಪಿಸಿದರೆ 20 ರೂಪಾಯಿ ದಂಡ. ಬ್ಯಾಂಕಿನ ಸಾಲದಲ್ಲಿ ದೊಡ್ಡ ಪಾಲು ಇಬ್ಬರು ಪ್ರತಿನಿಧಿಗಳಿಗೇ ಹೋಗುತ್ತದೆ, ಲೆಕ್ಕದ ಪುಸ್ತಕವೂ ಅವರ ಮನೆಯಲ್ಲೇ. ಬಡವರಿಗಾಗಿ ಮಾಡಿದ ಸಂಘದೊಳಗೇ ಮೇಲು ಕೀಳು ಬಂದರೆ ಏನು ಮಾಡುವುದು?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಪ್ರತಿನಿಧಿಗಳ ವಿಷಯಕ್ಕೆ ಆಮೇಲೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ಐವರು.

ಒಂದು ಲೆಕ್ಕ ಹಾಕಿ. ಸುಗ್ಗಿ ಮುಗಿಸಿ ಬೆಂಗಳೂರಿಗೋ ಮಂಗಳೂರಿಗೋ ಗುಳೆ ಹೋದವಳು 24 ವಾರ ಬಿಟ್ಟು ಊರಿಗೆ ಬಂದಳೆನ್ನಿ. ಉಳಿತಾಯದ ಬಾಕಿ 1,200, ದಂಡ 480, ಒಟ್ಟು 1,680 ರೂಪಾಯಿ. ಬಿತ್ತನೆಯ ಹೊತ್ತಿನಲ್ಲಿ ಅಷ್ಟು ಕೊಟ್ಟು ಸಂಘದಲ್ಲಿ ಉಳಿಯುವ ಬದಲು ಅವಳು ಹೆಸರು ತೆಗೆಸುತ್ತಾಳೆ. ಸೋಮಾರಿಗಳಿಗೆಂದು ಇಟ್ಟ ದಂಡ ದುಡಿಯಲು ಹೋದವಳ ಮೇಲೆ ಬಿತ್ತು. ಯಾರೂ ಬೇಕೆಂದು ಅವರನ್ನು ಹೊರಹಾಕಲಿಲ್ಲ, ಆ ಕೆಲಸವನ್ನು ನಿಯಮವೇ ಮಾಡಿತು.

ಹಾಗಾದರೆ ನಿಯಮ ಬದಲಿಸಿ. ಅದಕ್ಕೆ ಯಾವ ಅಧಿಕಾರಿಯ ಒಪ್ಪಿಗೆಯೂ ಬೇಡ, ನಿಮ್ಮ ಸಭೆಯ ಠರಾವು ಸಾಕು. ಹೇಳಿ ಹೋದವರಿಗೆ ದಂಡವಿಲ್ಲ. ಉಳಿತಾಯವನ್ನು ಫೋನಿನಲ್ಲಿ ಕಳಿಸಬಹುದು, ಇಲ್ಲವೇ ಬಂದ ಮೇಲೆ ಒಟ್ಟಿಗೆ ಕಟ್ಟಬಹುದು. ಸಾಲದ ಕಂತನ್ನು ಕೂಲಿ ಹಣ ಕೈಗೆ ಬರುವ ತಿಂಗಳಿಗೆ ಹೊಂದಿಸಬಹುದು. ಹೀಗೆ ಬರೆದುಕೊಂಡು ಆ ಐವರ ಮನೆಗೆ ನೀವೇ ಹೋಗಿ ಕರೆಯಿರಿ. ಅವರ ಹಳೆಯ ಉಳಿತಾಯವನ್ನು ಲಾಭದ ಪಾಲಿನೊಂದಿಗೆ ಹಿಂದಿರುಗಿಸಿದ್ದೀರಾ ಎಂಬುದನ್ನೂ ಪುಸ್ತಕ ತೆಗೆದು ನೋಡಿ. ಇಲ್ಲವಾದರೆ ಕರೆಯುವ ಮೊದಲು ಅದನ್ನು ಸರಿಮಾಡಿ.

ಈಗ ಆ ಇಬ್ಬರು. ನಿಮಗೊಂದು ಹಳೆಯ ಕಥೆ ಹೇಳಬೇಕು. 1980ರ ದಶಕದಲ್ಲಿ ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆ ಹಳ್ಳಿಗಳಲ್ಲಿ ನೂರರಷ್ಟು ಸದಸ್ಯರ ಸಹಕಾರ ಸಂಘಗಳನ್ನು ಕಟ್ಟಿ ಸಾಲ ಕೊಡಿಸುತ್ತಿತ್ತು. 1984–85ರ ಹೊತ್ತಿಗೆ ಅವು ಒಡೆದವು. ಮುಂದಾಳುಗಳ ಮೇಲೆ ಜನಕ್ಕೆ ನಂಬಿಕೆ ಹೋಗಿತ್ತು, ಲೆಕ್ಕ ಹದಗೆಟ್ಟಿತ್ತು. ಒಡೆದ ಸಂಘಗಳ ಜನ ಚಿಕ್ಕ ಚಿಕ್ಕ ಗುಂಪಾಗಿ ಬಂದು, ತಾವು ಪಡೆದ ಸಾಲವನ್ನು ನೇರ ಸಂಸ್ಥೆಗೇ ತೀರಿಸುತ್ತೇವೆ ಅಂದರು. ನಮಗೆ ಬೇಡ, ನಿಮ್ಮ ಗುಂಪಿಗೇ ಕಟ್ಟಿಕೊಂಡು ನಿಮ್ಮಲ್ಲೇ ತಿರುಗಿಸಿ ಎಂಬ ಉತ್ತರ ಬಂತು. ಒಬ್ಬರನ್ನೊಬ್ಬರು ನಂಬುವವರಷ್ಟೇ ಕೂಡಿದ ಆ ಗುಂಪುಗಳೇ ಇಂದಿನ ಸ್ವಸಹಾಯ ಸಂಘಗಳ ಬೇರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ದೇಶದಲ್ಲಿ ಶುರುವಾಯಿತು. ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000–01ರಲ್ಲಿ.

ನಿಮ್ಮಲ್ಲಿ ಜನ ಹನ್ನೊಂದೇ ಇರಬಹುದು, ಆದರೆ ಕಾಯಿಲೆ ಅದೇ: ಪುಸ್ತಕ ಒಂದು ಮನೆಯ ಕಪಾಟು ಸೇರಿದೆ. ಪುಸ್ತಕ ಸಭೆಗೆ ಬರಲಿ, ಓದಲು ಬಾರದವರಿಗೂ ತಿಳಿಯುವಂತೆ ಯಾರು ಎಷ್ಟು ಕಟ್ಟಿದರು, ಎಷ್ಟು ಬಾಕಿ ಎಂದು ಗಟ್ಟಿಯಾಗಿ ಓದಲಿ. ಪ್ರತಿನಿಧಿಗಳು ಸರದಿಯ ಮೇಲೆ ಬದಲಾಗಲಿ. ಬ್ಯಾಂಕಿಗೆ ಅರ್ಜಿ ಹಾಕುವ ಮುಂಚೆಯೇ ಯಾರಿಗೆ ಎಷ್ಟು, ಯಾತಕ್ಕೆ ಎಂಬುದು ಎಲ್ಲರೆದುರು ನಡಾವಳಿಯಲ್ಲಿ ಬರೆದಿರಲಿ. ಹಾಗೆಂದು ಬಂದ ಸಾಲವನ್ನು ಹನ್ನೊಂದು ಸಮಪಾಲು ಮಾಡಲು ಹೋಗಬೇಡಿ. ಬಹಳ ಕಡೆ ಹಾಗೆ ಮಾಡುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಬೇಡದವಳ ತಲೆಗೂ ಸಾಲ ಕಟ್ಟಿದಂತಾಗುತ್ತದೆ, ಎಮ್ಮೆ ಕೊಳ್ಳಬೇಕಾದವಳಿಗೆ ಅರ್ಧ ಎಮ್ಮೆಯ ದುಡ್ಡು ಸಿಗುತ್ತದೆ.

ಆ ಇಬ್ಬರ ಜೊತೆ ಜಗಳಕ್ಕಿಳಿಯಬೇಡಿ. ಬ್ಯಾಂಕಿಗೆ ಹತ್ತು ಸಲ ಅಲೆದು ಕೂಲಿ ಕಳೆದುಕೊಂಡವರೂ ಅವರೇ ಇರಬಹುದು. ಬಸ್ ಚಾರ್ಜು, ದಿನದ ಕೂಲಿ ಸಂಘದಿಂದ ಕೊಡಿ. ಆಗ ಆ ಕೆಲಸಕ್ಕೆ ಬೇರೆಯವರೂ ಮುಂದೆ ಬರುತ್ತಾರೆ.

ಪ್ರಶ್ನೆ: ನನ್ನ ಹೆಂಡತಿ ನಾಲ್ಕು ಸಂಘದಲ್ಲಿದ್ದಾಳೆ. ವಾರದಲ್ಲಿ ನಾಲ್ಕು ದಿನ ಕಂತು. ಸಂಘದಿಂದ ಬಡತನ ಹೋಗುತ್ತದೆ ಅನ್ನುತ್ತಾರೆ, ನಮ್ಮನೆಯಲ್ಲಿ ಹೆಚ್ಚಾಗಿದೆ.
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ನಾಲ್ಕೂ ಸಂಘ ಇರಲಾರವು. ಹಳ್ಳಿಗಳಲ್ಲಿ ಫೈನಾನ್ಸ್ ಕಂಪನಿ ಕಟ್ಟಿದ ಗುಂಪಿಗೂ ಸಂಘವೆಂದೇ ಕರೆಯುವುದರಿಂದ ಈ ಗೊಂದಲ. ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: ಕಟ್ಟಿದ ಬಡ್ಡಿ ಎಲ್ಲಿಗೆ ಹೋಗುತ್ತದೆ? ಉಳಿತಾಯದ ದುಡ್ಡಿನಿಂದ 10,000 ಸಾಲ ಪಡೆದು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ 200 ಬಡ್ಡಿ ಕಟ್ಟಿದರೆ, ಅದು ಸಂಘದ ಗಂಟಿಗೇ ಸೇರಿ ಅದರಲ್ಲಿ ನಿಮ್ಮವರಿಗೂ ಪಾಲಿರುತ್ತದೆ. ಕಂಪನಿಗೆ ಕಟ್ಟಿದ್ದು ಕಂಪನಿಗೆ. ಅಲ್ಲಿ ಗುಂಪು ಇರುವುದು ಒಬ್ಬರು ತಪ್ಪಿದರೆ ಉಳಿದವರು ಒತ್ತಡ ಹಾಕಲಿ ಎಂದು.

ನಾಲ್ಕೂ ಪಾಸ್‌ಪುಸ್ತಕ ಹರಡಿಕೊಂಡು ಕೂತು, ಕಂಪನಿಯವು ಯಾವುವೆಂದು ಬೇರೆ ಮಾಡಿ. ಹೊಸ ಸಾಲದಿಂದ ಹಳೆಯ ಕಂತು ಕಟ್ಟುವುದನ್ನು ಈ ವಾರದಿಂದಲೇ ನಿಲ್ಲಿಸಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಇಂಥ ಸಾಲ ಕೊಡುವಾಗ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸಿ ವಸೂಲಿ ಮಾಡುವವರ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಮನೆ ಬಾಗಿಲಿಗೆ ಬಂದು ಕಿರುಕುಳ ಕೊಟ್ಟರೆ ಪೊಲೀಸ್ ಠಾಣೆಗೆ ಬರಹದಲ್ಲಿ ದೂರು ಕೊಡಿ. ಕಂತು ಕಟ್ಟಲಾಗದ್ದಕ್ಕೆ ನಾಚಿ ಊರು ಬಿಡುವುದು ಬೇಡ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್. ಸ್ವಸಹಾಯ ಸಂಘಗಳಿಗಾಗಿ ಉಚಿತ ಆ್ಯಪ್ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆ್ಯಪ್ ಆಮೇಲೆ ಮಾಡಿ. ಮೇಲಿನ ಕೊಪ್ಪಳದ ಪತ್ರ ಓದಿ: ಅಲ್ಲಿ ಪುಸ್ತಕ ಇಬ್ಬರ ಮನೆಯಲ್ಲಿದೆ. ನಾಳೆ ಅದೇ ಲೆಕ್ಕ ಅದೇ ಇಬ್ಬರ ಫೋನಿನೊಳಗೆ ಹೋದರೆ ಉಳಿದವರಿಗೆ ಇನ್ನಷ್ಟು ದೂರವಾಗುತ್ತದೆ. ಕಾಗದದ ಪುಸ್ತಕವನ್ನಾದರೂ ಮಗನಿಂದ ಓದಿಸಬಹುದಿತ್ತು. ಸಾಮಾನ್ಯ ಕೀಪ್ಯಾಡ್ ಫೋನಿಗೆ ಪ್ರತಿ ಸದಸ್ಯೆಯ ಬಾಕಿ, ಉಳಿತಾಯ ಎಷ್ಟೆಂದು ಕನ್ನಡದಲ್ಲಿ ಧ್ವನಿಸಂದೇಶ ಹೋಗುವಂತೆ ಮಾಡಿದರೆ ಉಪಯೋಗವಾದೀತು.

ಅದಕ್ಕೂ ಮೊದಲು ಯಾವುದಾದರೂ ಹಳ್ಳಿಯ ಸಂಘದ ಸಭೆಯಲ್ಲಿ ನಾಲ್ಕು ವಾರ ಸುಮ್ಮನೆ ಕೂತು ಬನ್ನಿ. ಹೆಂಗಸರು ಅಡಿಗೆ ಮುಗಿಸಿ ಸೇರುವಾಗ ರಾತ್ರಿ ಎಂಟಾಗುತ್ತದೆ, ಕೊನೆಯ ಬಸ್ ಸಿಗಲಿಕ್ಕಿಲ್ಲ. ಉಳಿಯುವ ವ್ಯವಸ್ಥೆ ಮಾಡಿಕೊಂಡೇ ಹೋಗಿ.