ಐಫೋನ್ ಫೋಟೋವನ್ನು ಜೆಪಿಜಿ ಮಾಡೋದು ಹೇಗೆ?

ಕಾಸರಗೋಡಿನ ಕನ್ನಡ ಮಾಧ್ಯಮ ಟೀಚರ್ ಹುದ್ದೆಗೆ ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಅರ್ಜಿ ಹಾಕುವಾಗ ಸೈಟ್ ಐಫೋನ್ ಫೋಟೋ ತಗೊಳ್ತಿಲ್ಲ, ಆನ್‌ಲೈನ್‌ನಲ್ಲಿ ಬದಲಾಯಿಸೋದು ಹೇಗೆ ಅಂತ ಕೇಳಿದ್ದೀರಿ.

2017ರ ಐಒಎಸ್ 11ರಿಂದ ಐಫೋನ್ ಫೋಟೋಗಳು ಸಾಮಾನ್ಯವಾಗಿ ಎಚ್‌ಇಐಸಿ ಅನ್ನೋ ಬೇರೆ ಫಾರ್ಮ್ಯಾಟ್‌ನಲ್ಲಿ ಸೇವ್ ಆಗುತ್ತವೆ. ಸೈಟ್ ಕೇಳೋದು ಜೆಪಿಜಿ. ಫೈಲ್ ಹೆಸರಿನ ಕೊನೆಗೆ ಸುಮ್ನೆ ಜೆಪಿಜಿ ಅಂತ ಬರೆದರೆ ಆಗಲ್ಲ, ಒಳಗಿರೋದು ಬದಲಾಗಲ್ಲ ಅಲ್ವಾ?

ಕ್ಲೌಡ್‌ಕನ್ವರ್ಟ್‌ನಂಥ ಸೈಟಿಗೆ ಫೋಟೋ ಹಾಕಿ, ಜೆಪಿಜಿ ಆರಿಸಿ, ಡೌನ್‌ಲೋಡ್ ಮಾಡಿ. ಮುಗೀತು. ಆದರೆ ಫೋಟೋ ಅವರ ಸರ್ವರಿಗೆ ಹೋಗುತ್ತದೆ. ಮುಖದ ಫೋಟೋ ಪರವಾಗಿಲ್ಲ. ಆಧಾರ್, ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ಎಲ್ಲ ನಾನಂತೂ ಹಾಗೆ ಹಾಕಲ್ಲ. ಐಒಎಸ್ 16 ಅಥವಾ ಅದಕ್ಕಿಂತ ಹೊಸದಿದ್ದರೆ ಸೈಟೇ ಬೇಡ. ಫೋಟೋವನ್ನು ಫೈಲ್ಸ್ ಆ್ಯಪ್‌ಗೆ ಸೇವ್ ಮಾಡಿ, ಒತ್ತಿ ಹಿಡಿದು, ಕ್ವಿಕ್ ಆ್ಯಕ್ಷನ್ಸ್‌ನಲ್ಲಿ ಕನ್ವರ್ಟ್ ಇಮೇಜ್ ಒತ್ತಿ, ಜೆಪಿಇಜಿ ಆರಿಸಿ. ಜೆಪಿಜಿ, ಜೆಪಿಇಜಿ ಎರಡೂ ಒಂದೇ.

ಆಮೇಲೂ ತಗೊಳ್ಳದಿದ್ದರೆ ಸೈಜ್ ಜಾಸ್ತಿ ಆಗಿರಬಹುದು. ಪಿಎಸ್‌ಸಿಗೆ 150×200 ಪಿಕ್ಸೆಲ್, 30 ಕೆಬಿ ಒಳಗೆ ಬೇಕು. ಮೊದಲು ಕ್ರಾಪ್ ಮಾಡಿ ಪಿಕ್ಸೆಲ್ ಇಳಿಸಿ, ಕೆಬಿ ತಾನಾಗಿ ಇಳಿಯುತ್ತದೆ. ಪಿಕ್ಸೆಲ್ ಹಾಗೇ ಬಿಟ್ಟು ಕ್ವಾಲಿಟಿ ಮಾತ್ರ ತಗ್ಗಿಸಿದರೆ ಮುಖವೆಲ್ಲ ಚೌಕ ಚೌಕ. ಇಷ್ಟೆಲ್ಲ ರಗಳೆ ಬೇಡ ಅಂದರೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ.